ಪೂರಿಗಾಲಿಯ ಎಮ್ಮೆ ತಿನ್ನುವುದು, ಕೊರಿಯಾದ ಡಬ್ಬಿ ತಿನ್ನದ್ದು

ಕೈಯಲ್ಲೊಂದು ಲೋಟ

ಕೊರಿಯಾದಲ್ಲಿ ಮೊದಲು ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಬೆಟ್ಟ ಎನ್ನುತ್ತೇನೆ. ಅದು ಸುಳ್ಳು. ಮೊದಲು ನೋಡಿದ್ದು, ಎರಡೂವರೆ ಗಂಟೆ ನೋಡುತ್ತಲೇ ಇದ್ದದ್ದು, ನನ್ನ ಕೈಯಲ್ಲಿದ್ದ ಒಂದು ಕಾಗದದ ಲೋಟವನ್ನು. ವಿಮಾನದಲ್ಲಿ ಕಾಫಿ ಕುಡಿದ ಲೋಟ ಅದು. ಹೊರಗೆ ಎಲ್ಲಾದರೂ ಹಾಕೋಣ ಎಂದು ಹಿಡಿದುಕೊಂಡೇ ಇಳಿದಿದ್ದೆ. ನಿಲ್ದಾಣದ ಒಳಗೆ ಡಬ್ಬಿಗಳು ಇದ್ದುವಂತೆ. ನನಗೆ ಕಾಣಲಿಲ್ಲ. ನನಗೆ ಕಾಣದ್ದನ್ನು ಇದ್ದವು ಎಂದು ಬರೆಯುವುದು ನ್ಯಾಯವೋ ಅಲ್ಲವೋ ಗೊತ್ತಿಲ್ಲ.

ಜೊತೆಗಿದ್ದವಳು ನನ್ನ ಅಕ್ಕ ಜಯಮ್ಮ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ ಕೊಟ್ಟಿದ್ದು. ಎರಡು ಎಮ್ಮೆ, ಒಂದು ಹಸು, ಊರ ಆಲೆಮನೆಯಲ್ಲಿ ಅರ್ಧ ಪಾಲು, ಇಷ್ಟನ್ನೂ ಭಾವನ ಕೈಗೆ ಒಪ್ಪಿಸಿ ಹದಿನೈದು ದಿನಕ್ಕೆಂದು ಮಗಳನ್ನು ನೋಡಲು ಹೊರಟಿದ್ದಳು. ಒಬ್ಬಳನ್ನೇ ವಿಮಾನ ಹತ್ತಿಸುವುದು ಹೇಗೆ ಎಂದು ನಾನು. ಅವಳಿಗೆ ಭಯವಾಗುತ್ತದೆಂದಲ್ಲ, ವಿಮಾನದವರಿಗೆ ಜೊತೆ ಬೇಕಾಗುತ್ತದೆಂದು. ಮಂಡ್ಯದಲ್ಲಿ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಹಾಗಾಗಿ ಹೊರಡುವ ಮುಂಚೆ ಸಂಘದ ಅಧ್ಯಕ್ಷರು ಈ ಪ್ರವಾಸಕ್ಕೆ ಅಧ್ಯಯನ ಎಂದು ಹೆಸರಿಟ್ಟು, "ಅಲ್ಲಿ ಕಸ ಎಂಗೆ ಬೇರೆ ಮಾಡ್ತಾರೆ, ಎಂಗೆ ಕಮ್ಮಿ ಮಾಡ್ತಾರೆ, ಎಲ್ಲ ಬರ್ಕಂಡ್ ಬನ್ನಿ" ಎಂದಿದ್ದರು. ಬರೆದುಕೊಂಡೇ ಬಂದಿದ್ದೇನೆ. ನನ್ನ ಪುಸ್ತಕದಲ್ಲಿರುವುದಕ್ಕೂ ನನ್ನ ತಲೆಯಲ್ಲಿರುವುದಕ್ಕೂ ಹೊಂದುವುದಿಲ್ಲ. ಅಕ್ಕ ಹೇಳುವುದು ಎರಡಕ್ಕೂ ಹೊಂದುವುದಿಲ್ಲ.

ಅಕ್ಕನ ಮಗಳು ಸಿಂಚನ ಸುವೊನ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಭತ್ತದ ಮೇಲೆ ಸಂಶೋಧನೆ ಮಾಡುತ್ತಾಳೆ. ಭತ್ತ ಬಿಟ್ಟು ಬೇರೆ ಏನನ್ನಾದರೂ ಓದು ಎಂದು ನಾವೆಲ್ಲ ಹೇಳಿದ್ದೆವು. ನಮ್ಮನ್ನು ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಬಂದವಳು ಅಮ್ಮನನ್ನು ತಬ್ಬಿಕೊಂಡು, ನನ್ನ ಕಡೆ ತಿರುಗಿ ಕೇಳಿದ ಮೊದಲ ಮಾತು, "ಮಾವ, ಕೈಲಿರೋದೇನು?"

"ಲೋಟ."

"ಎಲ್ಲೂ ಬಿಸಾಕ್ಬೇಡ."

"ಬಿಸಾಕಕ್ಕೆ ಜಾಗ ಇದ್ರೆ ತಾನೆ."

"ಅದುನ್ನೇ ಹೇಳ್ತಿರೋದು."

ಬಸ್ಸಿನಲ್ಲಿ ಲೋಟ, ರೈಲಿನಲ್ಲಿ ಲೋಟ, ಕಾಲುದಾರಿಯಲ್ಲಿ ಲೋಟ. ಬೀದಿಯಲ್ಲಿ ಒಂದು ಚೂರು ಕಾಗದವಿಲ್ಲ, ಒಂದು ಡಬ್ಬಿಯೂ ಇಲ್ಲ. ಮಂಡ್ಯದಲ್ಲಿ ಡಬ್ಬಿ ಇದ್ದರೆ ಕಸ ಡಬ್ಬಿಯ ಪಕ್ಕದಲ್ಲಿರುತ್ತದೆ. ಇಲ್ಲಿ ಡಬ್ಬಿಯೂ ಇಲ್ಲ, ಪಕ್ಕವೂ ಇಲ್ಲ. ಜನ ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ, ನಮ್ಮಲ್ಲಿ ಸಂತೆಯಿಂದ ಸೊಪ್ಪು ಒಯ್ಯುವ ಹಾಗೆ. ಅಕ್ಕ ನನ್ನನ್ನೇ ನೋಡುತ್ತ ಬಂದು ಕೊನೆಗೆ ಅಂದಳು, "ಊರಲ್ಲಿ ಯಾವತ್ತಾದ್ರೂ ಒಂದು ವಸ್ತುನ ಇಷ್ಟು ಜೋಪಾನವಾಗಿ ಇಡ್ಕಂಡಿದ್ಯೇನ್ಲಾ ನೀನು?"

ನೂರ ಏಳನೇ ಕಟ್ಟಡ

ಸಿಂಚನ ಇರುವುದು ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ. ಒಂದೇ ಆಡಳಿತದ ಕೆಳಗೆ ಒಂದೇ ಥರದ ಹತ್ತಾರು ಕಟ್ಟಡ, ಪ್ರತಿಯೊಂದರ ನೆತ್ತಿಯ ಮೇಲೂ ದೊಡ್ಡ ಅಂಕಿ. ಅವಳದು ನೂರ ಏಳನೇ ಕಟ್ಟಡ, ಒಂಬತ್ತನೇ ಮಹಡಿ. ಅಂಕಿಯನ್ನು ಯಾಕೆ ಅಷ್ಟು ದೊಡ್ಡದಾಗಿ ಬರೆದಿದ್ದಾರೆಂದು ಎರಡನೇ ದಿನ ನೂರ ಮೂರನೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಗಂಟೆ ಒತ್ತಿದಾಗ ನನಗೆ ತಿಳಿಯಿತು.

ಕಟ್ಟಡದ ಪಕ್ಕದಲ್ಲಿ ಒಂದು ತಗಡಿನ ಚಾವಣಿ. ಅದರ ಕೆಳಗೆ ಸಾಲಾಗಿ ಚೀಲಗಳು: ಕಾಗದಕ್ಕೆ ಒಂದು, ಗಾಜಿಗೆ ಒಂದು, ತಗಡಿಗೆ ಒಂದು, ಥರ್ಮೋಕೋಲಿಗೆ ಒಂದು, ಪ್ಲಾಸ್ಟಿಕ್ ಹಾಳೆಗೆ ಒಂದು, ಬಣ್ಣದ ಬಾಟಲಿಗೆ ಒಂದು, ಬಣ್ಣವಿಲ್ಲದ ಬಾಟಲಿಗೆ ಇನ್ನೊಂದು. ಇವು ಬಾಯಿ ತೆರೆಯುವುದು ಗುರುವಾರ ಮಾತ್ರ. ಮೂಲೆಯಲ್ಲಿ ಹಸಿ ಕಸದ ಯಂತ್ರ. ಅದು ದಿನವೂ ಉಂಟು. ಮನೆಮನೆಗೆ ಕೊಟ್ಟಿರುವ ಕಾರ್ಡನ್ನು ತಾಗಿಸಿದರೆ ಮುಚ್ಚಳ ತೆಗೆದು, ತಿಂದು, ತೂಗಿ, ಯಾವ ಮನೆಯವರು ಎಷ್ಟು ಹಾಕಿದರೆಂದು ಹೆಣ್ಣು ದನಿಯಲ್ಲಿ ಊರಿಗೆಲ್ಲ ಹೇಳುತ್ತದೆ.

ನಮ್ಮ ಬಡಾವಣೆಗೂ ಎರಡು ಬಣ್ಣದ ಬಕೆಟ್ಟು ಹಂಚಿದ್ದೆವು. ನಾನೇ ನಿಂತು ಹಂಚಿದ್ದೆ. ಹಸಿರು ಬಕೆಟ್ಟು ಚೆನ್ನಾಗಿದೆಯೆಂದು ಹೆಚ್ಚಿನವರು ರಾಗಿಹಿಟ್ಟು ತುಂಬಿಟ್ಟರು. ನೀಲಿಯದು ಬಚ್ಚಲಿಗೆ ಹೋಯಿತು. ಕಸ ಮೊದಲಿನಂತೆ ಖಾಲಿ ಸೈಟಿಗೆ ಹೋಯಿತು. ಖಾಲಿ ಸೈಟಿನ ಮಾಲೀಕರು ಮೈಸೂರಿನಲ್ಲಿದ್ದಾರೆ. ಅವರಿಗೆ ತಮ್ಮ ಸೈಟು ಈಗ ರಸ್ತೆಗಿಂತ ಮೂರಡಿ ಎತ್ತರವಾಗಿರುವುದು ಗೊತ್ತಿಲ್ಲ.

ನಮಗೆ ಊಟ ಬಡಿಸಿ ಸಿಂಚನ ವಿಷಯಕ್ಕೆ ಬಂದಳು. ಈ ಸಮುಚ್ಚಯದಲ್ಲಿ ಕಸವನ್ನು ತಪ್ಪಾಗಿ ಹಾಕಿದರೆ ಹಳದಿ ಚೀಟಿ ಅಂಟಿಸುತ್ತಾರೆ. ಚೀಟಿಯ ಸುದ್ದಿ ಮನೆಯ ಮಾಲೀಕರಿಗೆ ಹೋಗುತ್ತದೆ. ಅವಳಿಗೆ ಆಗಲೇ ಎರಡು ಬಿದ್ದಿದ್ದವು. ಮೊದಲನೆಯದು ಎಣ್ಣೆ ಹತ್ತಿದ ರಟ್ಟಿನ ಡಬ್ಬಿಗೆ, ಎರಡನೆಯದು ಹಸಿ ಕಸದಲ್ಲಿದ್ದ ಮೊಟ್ಟೆ ಸಿಪ್ಪೆಗೆ. ಮನೆಯ ಮಾಲೀಕರು ಹಾನ್ ಎಂಬ ಹೆಂಗಸು. ಇದೇ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿರುತ್ತಾರೆ, ಇಡೀ ಕಟ್ಟಡಕ್ಕೆ ನಿವಾಸಿಗಳ ಪ್ರತಿನಿಧಿ ಬೇರೆ. ಮೂರನೆಯದು ಬಿದ್ದರೆ ತಿಂಗಳ ಕೊನೆಗೆ ಮುಗಿಯುವ ಕರಾರನ್ನು ಮುಂದುವರಿಸುವುದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರು.

"ಬೇರೆ ಮನೆ ನೋಡುದ್ರಾಯ್ತು ಬುಡು," ಎಂದಳು ಅಕ್ಕ.

"ಎಲ್ಲಮ್ಮ ಸಿಗುತ್ತೆ? ನನ್ನ ಭತ್ತ ಎಲ್ಲ ಇಲ್ಲೇ ಪಕ್ಕದ ಗಾಜಿನ ಮನೇಲಿದೆ. ಈಗ ಹೂ ಬಿಡ್ತಾ ಇದೆ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಹೋಗಿ ನೋಡ್ಬೇಕು. ಕುಯ್ಲು ಆಗೋಗಂಟ ನಾನು ಈ ಮನೆ ಬಿಡೋ ಹಾಗಿಲ್ಲ. ಬಿಟ್ರೆ ಎರಡು ವರ್ಷದ ಕೆಲಸ ಮಣ್ಣುಪಾಲು."

ಭತ್ತ ಹೂ ಬಿಡುವಾಗ ಗದ್ದೆ ಬಿಟ್ಟು ಹೋಗುವುದೆಂದರೇನೆಂದು ಅಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ತಟ್ಟೆ ಪಕ್ಕಕ್ಕಿಟ್ಟಳು. "ಏಳು ಮತ್ತೆ. ಏನೇನು ಎಲ್ಲೆಲ್ಲಿ ಆಕ್ಬೇಕು?"

ಆಗ ಸಿಂಚನ ಒಂದು ತಪ್ಪು ಮಾಡಿದಳು. ಪಟ್ಟಿ ಬಹಳ ಉದ್ದವಾಯಿತೆಂದು, ಅಮ್ಮನಿಗೆ ಸುಲಭವಾಗಲೆಂದು, ಅಲ್ಲಿಯವರು ಮಕ್ಕಳಿಗೆ ಹೇಳಿಕೊಡುವ ಸೂತ್ರವನ್ನು ಹೇಳಿದಳು. "ಹಸಿ ಕಸನ ಪ್ರಾಣಿಗಳ ಮೇವು ಮಾಡ್ತಾರಮ್ಮ. ಪ್ರಾಣಿ ತಿನ್ನೋ ಹಂಗಿದ್ರೆ ಹಸಿ ಡಬ್ಬಿಗೆ ಹಾಕು. ತಿನ್ನಲ್ಲ ಅಂದ್ರೆ ಮನೇಲಿರೋ ಮಾಮೂಲಿ ಕಸದ ಚೀಲಕ್ಕೆ."

ಅಕ್ಕನ ಮುಖದಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವರ ಕಳೆ ಬಂತು. "ಅಷ್ಟೇಯಾ," ಎಂದಳು.

ಎರಡನೇ ದಿನ, ಇಲ್ಲವೇ ಮೂರನೆಯದು

ನನ್ನ ಪುಸ್ತಕದಲ್ಲಿ ಎರಡನೇ ದಿನ ಎಂದಿದೆ. ಫೋನಿನಲ್ಲಿರುವ ಫೋಟೋ ಮೂರನೇ ದಿನ ಎನ್ನುತ್ತದೆ, ಅದರಲ್ಲಿ ನಾನು ತೊಟ್ಟಿರುವ ಅಂಗಿ ನನ್ನದಲ್ಲ. ಇರಲಿ. ಸಿಂಚನ ಗಾಜಿನ ಮನೆಗೆ ಹೋಗಿದ್ದಳು. ಅಕ್ಕ ಅಡುಗೆ ಮಾಡಿದ್ದಳು.

ನಮ್ಮ ಕಡೆ ಅಡುಗೆಮನೆಯ ಹಿಂದೆ ಒಂದು ಬಾನಿ ಇರುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಹಿಟ್ಟು, ಹಳಸಿದ ಸಾರು, ಎಲ್ಲ ಅದಕ್ಕೆ. ಅದು ಕಲಗಚ್ಚು. ಸಾಯಂಕಾಲ ಒಂದು ಹಿಡಿ ಬೂಸ ಕಲಸಿ ಎಮ್ಮೆಯ ಮುಂದಿಟ್ಟರೆ ಬಾನಿ ತೊಳೆಯುವ ಕೆಲಸವೂ ಇಲ್ಲ. ಅಕ್ಕ ಐವತ್ತು ವರ್ಷದಿಂದ ಯಾವುದು ಬಾನಿಗೆ, ಯಾವುದು ತಿಪ್ಪೆಗೆ ಎಂದು ಯೋಚಿಸದೆಯೇ ಕೈ ಹಾಕಿದವಳು. ಅವಳಿಗೆ ಕಸ ಬೇರೆ ಮಾಡುವುದನ್ನು ಹೇಳಿಕೊಡಲು ಹೋಗುವುದು ಮೀನಿಗೆ ಈಜು ಹೇಳಿಕೊಟ್ಟಂತೆ. ತೊಂದರೆ ಏನೆಂದರೆ ಮೀನು ಬೇರೆ ಕೆರೆಯದು.

ಅಕ್ಕ ಒಂದು ಬಕೆಟ್ಟು ಹುಡುಕಿದಳು. ಅದಕ್ಕೆ ಅಕ್ಕಿ ತೊಳೆದ ನೀರು ಸುರಿದಳು. ಹಿಂದಿನ ದಿನ ಸಿಂಚನ ತಂದಿದ್ದ ಮುಸುಕಿನ ಜೋಳದ ಸಿಪ್ಪೆಯನ್ನೆಲ್ಲ ಹಾಕಿದಳು. ಕಾಳು ತಿಂದ ದಿಂಡುಗಳನ್ನೂ ಮುರಿದು ಹಾಕಿದಳು. "ಎಮ್ಮೆ ಇದುನ್ನ ಕಂಡ್ರೆ ಅಗ್ಗ ಕಿತ್ಕಂಡು ಬತ್ತದೆ," ಎಂದಳು. ಫ್ರಿಜ್ಜಿನಲ್ಲಿ ಹಳೆಯದಾಗಿದ್ದ ಕಿಮ್ಚಿಯನ್ನು, ಅಂದರೆ ಅಲ್ಲಿಯವರು ಮೆಣಸಿನ ಪುಡಿ ಹಾಕಿ ಹುಳಿ ಬರಿಸುವ ಎಲೆಕೋಸನ್ನು, ಮೂಸಿ ನೋಡಿದಳು. "ಇದುನ್ನ ಯಾವ ಎಮ್ಮೇನೂ ಮುಟ್ಟಕಿಲ್ಲ. ಚೀಲಕ್ಕಾಕು." ನಾನು ಚೀಲಕ್ಕೆ ಹಾಕಿದೆ. ಪುಸ್ತಕದಲ್ಲಿ ಬರೆದುಕೊಂಡೆ: ಸೂತ್ರ ಬಹಳ ಸರಳ, ನಮ್ಮಲ್ಲೂ ಜಾರಿಗೆ ತರಬಹುದು.

ಆಮೇಲೆ ನಾನು ಬಕೆಟ್ಟನ್ನು ಘನತೆಯಿಂದ ಹಿಡಿದು ಲಿಫ್ಟಿನಲ್ಲಿ ಇಳಿದೆ. ಈ ವಾಕ್ಯದಲ್ಲಿ ಘನತೆ ಎಂಬುದು ಮನೆಗೆ ಬಂದು ಬರೆಯುವಾಗ ಸೇರಿದ್ದು. ಮತ್ತೆ ಬರೆಯುತ್ತೇನೆ. ಬಕೆಟ್ಟು ತುಂಬಿ ತುಳುಕುತ್ತಿತ್ತು. ಏಳನೇ ಮಹಡಿಯಲ್ಲಿ ಗಂಡ ಹೆಂಡತಿ ಒಂದು ಬಿಳಿ ನಾಯಿಯೊಂದಿಗೆ ಒಳಗೆ ಬಂದರು. ಅವರಿಬ್ಬರೂ ಬಾಗಿಲಿಗೆ ಮುಖ ಮಾಡಿ ಉಸಿರು ಬಿಗಿಹಿಡಿದು ನಿಂತರು. ನಾಯಿಗೆ ಮಾತ್ರ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು. ಅದು ಬಕೆಟ್ಟಿಗೆ ಮೂತಿ ಇಟ್ಟು ಬಾಲ ಆಡಿಸಿತು. ಪ್ರಾಣಿ ತಿನ್ನುತ್ತದೆ ಎಂಬುದಕ್ಕೆ ಸಾಕ್ಷಿಯೇ ಸಿಕ್ಕಿತಲ್ಲ ಎಂದುಕೊಂಡೆ.

ಯಂತ್ರಕ್ಕೆ ಕಾರ್ಡು ತಾಗಿಸಿದೆ. ಮುಚ್ಚಳ ತೆಗೆಯಲಿಲ್ಲ. ಉಲ್ಟಾ ಮಾಡಿ ತಾಗಿಸಿದೆ. ಒತ್ತಿ ಹಿಡಿದೆ. ಒಂದೆರಡು ಸಲ ಗುದ್ದಿದೆ. ಯಂತ್ರದ ಹೆಂಗಸು ಒಂದೇ ವಾಕ್ಯವನ್ನು ಸಹನೆಯಿಂದ ಹೇಳುತ್ತಲೇ ಇದ್ದಳು. ನಾನು ತಾಗಿಸುತ್ತಿದ್ದದ್ದು ಬಸ್ಸಿನ ಕಾರ್ಡು ಎಂದು ಆಮೇಲೆ ಗೊತ್ತಾಯಿತು.

ಗುದ್ದಿದ ಸದ್ದಿಗೆ ಕಾವಲುಗಾರರು ಬಂದರು. ಹೆಸರು ಚೋಯ್. ಅರವತ್ತು ದಾಟಿದವರು, ಬಿಳಿ ಕೈಗವಸು, ಇಸ್ತ್ರಿ ಮಾಡಿದ ಟೋಪಿ. ಅಲ್ಲಿ ಕಟ್ಟಡದ ಕಾವಲುಗಾರನೆಂದರೆ ಕಳ್ಳರನ್ನು ಕಾಯುವವನಲ್ಲ, ಕಸವನ್ನು ಕಾಯುವವನು. ನನಗೆ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಬಾಗಿದ್ದರಿಂದ ಬಕೆಟ್ಟಿನ ನೀರು ಸ್ವಲ್ಪ ಅವರ ಬೂಟಿನ ಮೇಲೆ ಚೆಲ್ಲಿತು. ಅವರು ಬೂಟು ನೋಡಿದರು, ಬಕೆಟ್ಟು ನೋಡಿದರು, ತೇಲುತ್ತಿದ್ದ ಜೋಳದ ಸಿಪ್ಪೆ ನೋಡಿದರು. ಎದೆಯ ಜೇಬಿನಿಂದ ಒಂದು ಸಣ್ಣ ಪುಸ್ತಕ ಹೊರಗೆ ಬಂತು. ಅದರ ಹಾಳೆಗಳು ಹಳದಿ.

ನನ್ನ ಕಣ್ಣ ಮುಂದೆ ಸಿಂಚನಳ ಭತ್ತ ಒಣಗಿ ನಿಂತಿತು.

ಅದೇ ದಿನ, ಅಕ್ಕ ಇಳಿದು ಬಂದ ಮೇಲೆ

ನಾನು ಬಹಳ ಹೊತ್ತಾದರೂ ಬರಲಿಲ್ಲವೆಂದು ಅಕ್ಕ ಕೆಳಗೆ ಬಂದಳು. ಇಲ್ಲಿಂದ ಮುಂದೆ ನಮ್ಮಿಬ್ಬರ ನೆನಪು ಬೇರೆಬೇರೆ. ಚೋಯ್ ಅವಳನ್ನು ಕಂಡು ಟೋಪಿ ತೆಗೆದರು ಎಂದು ನಾನು. ಟೋಪಿ ತಾನಾಗಿಯೇ ಬಿತ್ತು ಎಂದು ಅವಳು.

"ಏನಂತೆ ಇವರ್ದು?"

"ಚೀಟಿ ಅಂಟಿಸ್ತಾರಂತೆ ಕಣಕ್ಕ."

"ಯಾಕಂತೆ? ಎಮ್ಮೆ ತಿನ್ನಾದ್ನೆ ಆಕಿವ್ನಿ. ಒಂದು ಕಡ್ಡಿ ಎಚ್ಚುಕಮ್ಮಿ ಇಲ್ಲ."

ಚೋಯ್ ತಮ್ಮ ಫೋನಿನಲ್ಲಿ ಏನೋ ಹೇಳಿದರು. ಫೋನು ಅದನ್ನು ಕನ್ನಡ ಮಾಡಿ ಗಟ್ಟಿಯಾಗಿ ಉಲಿಯಿತು. "ನೀರು ಅಪರಾಧ. ದಯವಿಟ್ಟು ಹಿಂಡಿರಿ."

"ಯಾರ್ನ ಇಂಡ್ಬೇಕಂತೆ?" ಎಂದಳು ಅಕ್ಕ.

ಫೋನು ಮುಂದುವರಿಯಿತು. "ಜೋಳದ ಬಟ್ಟೆ ನಿಷೇಧ. ಜೋಳದ ಮೂಳೆ ನಿಷೇಧ. ಪ್ರಾಣಿ ತಿನ್ನುವುದಿಲ್ಲ."

ಅಕ್ಕನಿಗೆ ಸಿಟ್ಟು ಬಂದದ್ದು ಆಗ. ಚೀಟಿ ಅಂಟಿಸಿದ್ದರೆ ಸುಮ್ಮನಿರುತ್ತಿದ್ದಳೇನೋ. ಪ್ರಾಣಿ ತಿನ್ನುವುದಿಲ್ಲ ಎಂದದ್ದು ಅವಳ ಎಮ್ಮೆಗಳ ಮೇಲೆ ಹೇಳಿದ ಹಾಗಾಯಿತು. ಬಕೆಟ್ಟಿಗೆ ಕೈ ಹಾಕಿ ಒಂದು ಉದ್ದನೆಯ ಸಿಪ್ಪೆ ತೆಗೆದಳು. ಅದನ್ನು ತನ್ನ ಬಾಯ ಹತ್ತಿರ ಹಿಡಿದು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ಎಮ್ಮೆ ಹೇಗೆ ಮೆಲುಕು ಹಾಕುತ್ತದೆಂದು ತೋರಿಸಿದಳು. ಕಣ್ಣನ್ನೂ ಅರ್ಧ ಮುಚ್ಚಿದ್ದಳು. ಚೆನ್ನಾಗಿತ್ತು. ಪೂರಿಗಾಲಿಯಲ್ಲಿ ನಾನು ಆ ಎಮ್ಮೆಯನ್ನು ನೋಡಿದ್ದೇನೆ, ಹಾಗೇ ತಿನ್ನುತ್ತದೆ.

ಚೋಯ್ ಹಳದಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಬಹಳ ಗಮನವಿಟ್ಟು ನೋಡಿದರು. ಆಮೇಲೆ ತಾವೂ ಎರಡು ಬೆರಳನ್ನು ತಲೆಗೆ ಕೊಂಬಾಗಿ ಇಟ್ಟು, ಫೋನಿಗೆ ಸುಮಾರು ಹೊತ್ತು ಮಾತಾಡಿದರು. ಫೋನು ಹೇಳಿತು: "ನನ್ನ ತಂದೆಯ ಹಸು ಸಹ ತಿಂದಿತು. ಬಿಸಿ ನೀರು ಕೊಟ್ಟೆ. ಇಲ್ಲಿ ಹಸು ಇಲ್ಲ. ಮೊದಲು ಯಂತ್ರ ಪುಡಿ ಮಾಡುತ್ತದೆ. ದಾರ ಯಂತ್ರದ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಯಂತ್ರ ಸಾಯುತ್ತದೆ."

ಅಕ್ಕ ದವಡೆ ನಿಲ್ಲಿಸಿದಳು. "ಅಂಗಂದ್ರೆ ಮೊದ್ಲು ತಿನ್ನಾದು ಎಮ್ಮೆ ಅಲ್ಲ, ಮಿಸೀನು?"

"ಹಂಗೇ ಕಾಣುತ್ತೆ."

"ಅದುನ್ನ ಮೊದ್ಲೇ ಏಳ್ಬಾರ್ದಾ? ನಮ್ಮ ಆಲೆಮನೇಲಿ ಗಾಣುಕ್ಕೆ ಕಬ್ಬಿನ ತರಗು ಸಿಕ್ಕಾಕ್ಕಂಡ್ರೆ ಅರ್ಧ ದಿನ ಕೆಲ್ಸ ನಿಂತೋಯ್ತದೆ. ತರಗು ಸುಲೀದೆ ಕಬ್ಬು ಕೊಡೋರ್ಗೆ ನಾನೇ ಉಗಿಯಾಕಿಲ್ವಾ? ಪಾಪ, ಇವರು ಏಳಾದು ಸರಿಯಾಗೇ ಅದೆ." ನನ್ನ ಕಡೆ ತಿರುಗಿ ಸೇರಿಸಿದಳು, "ನೀನು ಅಧ್ಯಯನ ಮಾಡಕ್ಕೆ ಬಂದೋನು, ಇಷ್ಟು ತಿಳೀಲಿಲ್ವೇನ್ಲಾ?"

ಚೋಯ್ ಹಳದಿ ಪುಸ್ತಕವನ್ನು ಜೇಬಿಗೆ ಹಾಕಿದರು. ಯಂತ್ರದೊಳಗೆ ಬಿದ್ದ ಮೇಲೆ ಮಾತ್ರ ಚೀಟಿ, ಬೀಳುವ ಮುಂಚೆ ಬರೀ ಬುದ್ಧಿಮಾತು, ಇದು ಅಲ್ಲಿಯ ನಿಯಮ. ನಾನು ಬಸ್ಸಿನ ಕಾರ್ಡು ತಾಗಿಸಿದ್ದಕ್ಕೆ ಸಿಂಚನಳ ಮನೆ ಉಳಿಯಿತು. ಈ ಮಾತನ್ನು ನಾನು ಮೂವರಿಗೆ ಹೇಳಿದ್ದೇನೆ, ಯಾರೂ ನನ್ನನ್ನು ಹೊಗಳಲಿಲ್ಲ.

ನೆಲದ ಮೇಲೆ ಒಂದು ಹಾಳೆ ಹಾಸಿ ಮೂವರೂ ಕುಕ್ಕರಗಾಲಲ್ಲಿ ಕೂತು ಬಕೆಟ್ಟನ್ನು ಬೇರೆ ಮಾಡಿದೆವು. ಸಿಪ್ಪೆ ಒಂದು ಕಡೆ, ದಿಂಡು ಒಂದು ಕಡೆ, ಅನ್ನ ಹಿಂಡಿ ಒಂದು ಕಡೆ. ಕಿಮ್ಚಿ ಚೀಲದಲ್ಲಿದೆಯೆಂದು ನಾನು ಬಾಯಿಬಿಟ್ಟದ್ದಕ್ಕೆ ಅದನ್ನೂ ಮೇಲಿಂದ ತರಿಸಿದರು. ಅದನ್ನು ತೊಳೆದು ಹಸಿ ಡಬ್ಬಿಗೆ ಹಾಕಬೇಕಂತೆ. ಕಸವನ್ನು ತೊಳೆಯುವುದು ಅಕ್ಕನಿಗೆ ಬಹಳ ಹಿಡಿಸಿತು. ನನಗೆ ಆಗಲೇ ಸ್ವಲ್ಪ ಭಯವಾಗಬೇಕಿತ್ತು.

ಗುರುವಾರ

ಒಂದು ಕೆಲಸದ ಕಾರಣ ತಿಳಿಯುವ ತನಕ ಅಕ್ಕ ಅದರ ಶತ್ರು. ತಿಳಿದ ಮೇಲೆ ಅದರ ಪೊಲೀಸು.

ಆ ಎರಡು ಮೂರು ದಿನದಲ್ಲಿ ಮನೆಯ ಬಾಟಲಿಗಳೆಲ್ಲ ಲೇಬಲ್ಲು ಸುಲಿಸಿಕೊಂಡು, ತೊಳೆಸಿಕೊಂಡು, ತುಳಿಸಿಕೊಂಡು ಸಾಲಾಗಿ ನಿಂತವು. ಒಂದರಲ್ಲಿ ಇನ್ನೂ ಅರ್ಧ ಎಣ್ಣೆ ಇತ್ತು, ಅದು ಬೇರೆ ಕಥೆ. ಗುರುವಾರ ಬೆಳಿಗ್ಗೆ ನಾವು ಕೆಳಗೆ ಹೋದಾಗ ಚಾವಣಿಯ ಕೆಳಗೆ ಸಾಲು ನಿಂತಿತ್ತು. ಚೋಯ್ ಒಬ್ಬರೇ ಏಳು ಚೀಲದ ನಡುವೆ ಓಡಾಡುತ್ತಿದ್ದರು. ಅಕ್ಕ ನಮ್ಮ ಪಾಲಿನದನ್ನು ಹಾಕಿ ಮುಗಿಸಿದಳು. ಪಕ್ಕದವರು ಬಾಟಲಿಯ ಲೇಬಲ್ಲು ಸುಲಿಯದೆ ಹಾಕುತ್ತಿದ್ದದ್ದನ್ನು ಕಂಡು ಕೈಯಿಂದ ಇಸಿದುಕೊಂಡು ಸುಲಿದಳು. ಅದರ ಪಕ್ಕದವರದನ್ನೂ ಸುಲಿದಳು. ಚೋಯ್ ನೋಡಿದರು. ಒಳಗೆ ಹೋಗಿ ಇನ್ನೊಂದು ಜೊತೆ ಬಿಳಿ ಕೈಗವಸು ತಂದು ಎರಡು ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟರು. ಅಲ್ಲಿ ಗೌರವದಿಂದ ಕೊಡುವುದನ್ನು ಎರಡು ಕೈಯಲ್ಲಿ ಕೊಡುತ್ತಾರೆ. ಅಕ್ಕ ತಾಂಬೂಲ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು.

ನಾನು ಪುಸ್ತಕ ಹಿಡಿದು ನಿಂತೆ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯ ಮುಂದಿನ ಮರದಲ್ಲಿ ಹಕ್ಕಿಗಳು ಕೂತು ಮೇಲಿಂದ ಏನೆಲ್ಲ ಬೀಳಿಸಿದರೂ ಜನ ಗೊಬ್ಬರ ಎಂದು ಗುಡಿಸಿಕೊಳ್ಳುತ್ತಾರೆ, ಕಸ ಎನ್ನುವುದಿಲ್ಲ. ಕಸ ಎನ್ನುವುದು ವಸ್ತುವಲ್ಲ, ನಾವು ಕೊಡುವ ಹೆಸರು, ಎಂದು ಏನೋ ದೊಡ್ಡದಾಗಿ ಬರೆಯತೊಡಗಿದ್ದೆ. ಆ ಪುಟ ಅಲ್ಲಿಗೇ ನಿಂತಿದೆ, ಯಾಕೆಂದರೆ ಆಗ ಥರ್ಮೋಕೋಲಿನ ಚೀಲದ ಕಡೆ ಸದ್ದು ಕೇಳಿತು.

ದೊಡ್ಡ ಅಂಚಿನ ಟೋಪಿ, ಕಪ್ಪು ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ಥರ್ಮೋಕೋಲಿನ ಪೆಟ್ಟಿಗೆಗಳ ನಡುವೆ ಒಂದು ನೂಡಲ್ಸಿನ ಬಟ್ಟಲನ್ನು ಅಡಗಿಸಿ ಚೀಲಕ್ಕೆ ಜಾರಿಸಿದ್ದರು. ಅಕ್ಕ ಮೊಣಕೈಯ ತನಕ ಕೈ ಹಾಕಿ ಅದನ್ನು ಹೊರಗೆ ತೆಗೆದಳು. ಒಳಗೆ ಹೆಬ್ಬೆರಳಿನಿಂದ ಒರೆಸಿ ಎತ್ತಿ ಹಿಡಿದಳು. ಬಿಳಿ ಕೈಗವಸಿನ ತುದಿ ಕೆಂಪಾಗಿತ್ತು.

"ತೊಳ್ದಿಲ್ಲ ಕಣಮ್ಮ ಇದು," ಎಂದಳು, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. "ನೋಡು, ಎಂಗಂಟಿಕಂಡದೆ ಸಾರು."

ಆ ಹೆಂಗಸು ಏನೋ ಹೇಳಿ ಬಟ್ಟಲಿಗೆ ಕೈ ಚಾಚಿದರು. ಅಕ್ಕ ಕೊಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಬಟ್ಟಲು ಆಗಲೇ ಚೀಲದೊಳಗೆ ಬಿದ್ದದ್ದು, ಬುದ್ಧಿಮಾತಿನ ಕಾಲ ಮುಗಿದಿತ್ತು. ಚೋಯ್ ಹಳದಿ ಪುಸ್ತಕವನ್ನು ತೆಗೆಯಲೇಬೇಕಾಯಿತು. ಅವರು ಅದನ್ನು ಎಷ್ಟು ನಿಧಾನವಾಗಿ ತೆಗೆದರೆಂದರೆ ನನಗೆ ಅನುಮಾನ ಬರಬೇಕಿತ್ತು. ಒಂದು ಜೇಬು ನೋಡಿದರು, ಇನ್ನೊಂದು ಜೇಬು ನೋಡಿದರು. ಪೆನ್ನು ಸಿಕ್ಕಿತು. ಗೀಚಿದರು. ಬರೆಯಲಿಲ್ಲ. ಅವರ ಮುಖದಲ್ಲಿ ದೊಡ್ಡ ನೆಮ್ಮದಿ ಕಂಡಿತು.

ನಾನು ಮುಂದೆ ಹೋಗಿ ನನ್ನ ಪೆನ್ನು ಕೊಟ್ಟೆ. ಎರಡು ಕೈಯಲ್ಲಿ.

ಚೀಟಿ ಅಂಟಿಸುವ ಹೊತ್ತಿಗೆ ಸಿಂಚನ ಗಾಜಿನ ಮನೆಯಿಂದ ಸೈಕಲ್ಲಿನಲ್ಲಿ ಬಂದಳು. ಟೋಪಿಯ ಹೆಂಗಸಿಗೆ ಸೊಂಟ ಮುರಿಯುವಷ್ಟು ಬಾಗಿದಳು. ಅವರು ನೆಟ್ಟಗೆ ಲಿಫ್ಟಿಗೆ ಹೋದರು. ಸಿಂಚನ ಬಾಗಿದವಳು ಬಹಳ ಹೊತ್ತು ಏಳಲೇ ಇಲ್ಲ.

"ಮಾವ," ಎಂದಳು, ನೆಲ ನೋಡುತ್ತಲೇ. "ಯಾರಿಗೆ ಚೀಟಿ ಕೊಡಿಸಿದ್ರಿ ನೀವಿಬ್ರು?"

"ಯಾರೋ ಗೊತ್ತಿಲ್ಲ. ಬಟ್ಟಲು ತೊಳ್ದಿರ್ಲಿಲ್ಲ."

"ಅದು ಹಾನ್ ಮೇಡಂ. ನಮ್ಮ ಮನೆ ಓನರು."

ಅಕ್ಕ ಕೈಗವಸು ಬಿಚ್ಚಿದಳು. ಒಂದೊಂದೇ ಬೆರಳು.

ಶುಕ್ರವಾರ

ಬೆಳಿಗ್ಗೆ ಸಿಂಚನ ಎರಡು ಸೂಟ್‌ಕೇಸನ್ನು ಹಾಸಿಗೆಯ ಮೇಲೆ ತೆರೆದಿಟ್ಟಳು. ಏನನ್ನೂ ತುಂಬಲಿಲ್ಲ, ತೆರೆದಿಟ್ಟಳು ಅಷ್ಟೆ. ಅಕ್ಕ ಚಿತ್ರಾನ್ನ ಕಲಸಿಟ್ಟಳು, ಯಾರಿಗೂ ಬಡಿಸಲಿಲ್ಲ. ಅವಳು ಮಾಡಿದ ಅಡುಗೆ ಬಡಿಸದೆ ಬಿಟ್ಟದ್ದನ್ನು ನಾನು ಹಿಂದೆ ಯಾವಾಗ ಕಂಡಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನನ್ನ ನೆನಪನ್ನು ನಂಬುವಂತಿಲ್ಲ, ಆದರೂ ಕಂಡಿರಲಿಲ್ಲ ಎಂದೇ ಹೇಳುತ್ತೇನೆ.

"ನಾನೇ ಓಗಿ ಕೈ ಮುಗ್ದು ಬತ್ತೀನಿ ಬುಡು," ಎಂದಳು ಕೊನೆಗೆ. "ತೆಪ್ಪಾಯ್ತು ಕಣವ್ವ, ನಮ್ಮುಡ್ಗೀನ ಓಡಿಸ್ಬ್ಯಾಡ ಅಂತೀನಿ."

"ತಪ್ಪು ನಿಂದಲ್ಲಮ್ಮ. ಬಟ್ಟಲು ತೊಳ್ದಿರ್ಲಿಲ್ಲ ತಾನೆ."

"ತೊಳ್ದಿರ್ಲಿಲ್ಲ."

"ಮತ್ತೆ?"

"ಮತ್ತೆ ನಿನ್ನ ಬತ್ತ?"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಹೊರಗೆ ಹಾನ್ ನಿಂತಿದ್ದರು. ಟೋಪಿ ಇಲ್ಲ, ಕನ್ನಡಕ ಇಲ್ಲ, ಕೈಯಲ್ಲೊಂದು ಕಾಗದದ ಕಡತ. ಚಪ್ಪಲಿ ಬಿಟ್ಟು ಒಳಗೆ ಬಂದು ಮೇಜಿನ ಮುಂದೆ ನೆಲದ ಮೇಲೆ ಕೂತರು. ಮನೆಗೆ ಬಂದವರಿಗೆ ಏನಾದರೂ ಕೊಡದೆ ಅಕ್ಕನ ಕೈ ಸುಮ್ಮನಿರುವುದಿಲ್ಲ. ಚಿತ್ರಾನ್ನವನ್ನು ತಟ್ಟೆಗೆ ಹಾಕಿ ತಂದಿಟ್ಟಳು. ಹಾನ್ ಒಂದು ಚಮಚ ತಿಂದರು, ನಿಲ್ಲಿಸಿದರು, ಇನ್ನೊಂದು ಚಮಚ ತಿಂದರು. ಎಲ್ಲ ತಿಂದು ಮುಗಿಸಿದರು. ತಟ್ಟೆಯ ಅಂಚಿನಲ್ಲಿ ಉಳಿದಿದ್ದ ಕರಿಬೇವಿನ ಎಲೆ ಯಾವ ಡಬ್ಬಿಗೆ ಹೋಗಬೇಕೆಂದು ನಾಲ್ವರೂ ಒಂದು ಕ್ಷಣ ಅದನ್ನೇ ನೋಡಿದೆವು ಎಂದು ನನಗೆ ನೆನಪು. ಸಿಂಚನ ಇಲ್ಲ ಎನ್ನುತ್ತಾಳೆ.

ಆಮೇಲೆ ಹಾನ್ ಮಾತಾಡಿದರು. ಸಿಂಚನ ಕೇಳುತ್ತ ಕೇಳುತ್ತ ಬಾಯಿ ತೆರೆದಳು.

"ಏನಂತೆ?" ಎಂದೆ.

"ಚೀಟಿ ಬಿದ್ದೋರು ಮನೆ ಖಾಲಿ ಮಾಡ್ಬೇಕು ಅಂದ್ರೆ ಇವತ್ತಲ್ಲ ನಾಳೆ ತಾವೂ ಖಾಲಿ ಮಾಡ್ಬೇಕಾಗುತ್ತಂತೆ. ಇಪ್ಪತ್ತು ವರ್ಷದಿಂದ ಇಲ್ಲಿದ್ದಾರಂತೆ. ಖಾಲಿ ಮಾಡೋ ಮನಸ್ಸಿಲ್ಲವಂತೆ. ಅದಕ್ಕೆ..." ಅವಳು ಕಡತ ಬಿಡಿಸಿದಳು. "ಕರಾರು ಒಂದು ವರ್ಷ ಮುಂದಕ್ಕೆ ಹಾಕಿದಾರೆ ಅಮ್ಮ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಎದ್ದು ಹೋಗಿ ಎರಡು ಸೂಟ್‌ಕೇಸನ್ನೂ ಮುಚ್ಚಿದೆ, ಯಾರಾದರೂ ಮನಸ್ಸು ಬದಲಿಸುವ ಮೊದಲು.

ಹಾನ್ ಎರಡನೇ ಪುಟದ ಕೆಳಗೆ ಬೆರಳಿಟ್ಟು ತೋರಿಸಿದರು. ಅಚ್ಚಿನ ಅಕ್ಷರಗಳ ಕೆಳಗೆ ಕೈಬರಹದ ಒಂದು ಸಾಲು, ಪಕ್ಕದಲ್ಲಿ ಅವರ ಕೆಂಪು ಮುದ್ರೆ. ಸಿಂಚನ ಅದನ್ನು ಮನಸ್ಸಿನಲ್ಲೇ ಮೂರು ಸಲ ಓದಿಕೊಂಡು, ಮುಖವನ್ನು ಬಹಳ ಕಷ್ಟಪಟ್ಟು ನೆಟ್ಟಗಿಟ್ಟುಕೊಂಡು, ಕನ್ನಡ ಮಾಡಿದಳು. "ಬಾಡಿಗೆದಾರಳ ತಾಯಿ ಈ ಕಟ್ಟಡದಲ್ಲಿ ಅತಿಥಿಯಾಗಿರುವಾಗ, ಗುರುವಾರಗಳಂದು ಕೆಳಗೆ ಇಳಿಯತಕ್ಕದ್ದಲ್ಲ."

"ಇನ್ನೊಂದು ಸಲ ಓದು," ಎಂದಳು ಅಕ್ಕ.

ಸಿಂಚನ ಇನ್ನೊಂದು ಸಲ ಓದಿದಳು.

"ನಂದೂ ರುಜು ಬೇಕಂತಾ?"

"ಬೇಕಂತೆ."

ಅಕ್ಕ ಪೆನ್ನು ತೆಗೆದುಕೊಂಡು ಜಯಮ್ಮ ಎಂದು ಕನ್ನಡದಲ್ಲಿ, ಒತ್ತಕ್ಷರದ ಬಾಲವನ್ನು ಸ್ವಲ್ಪ ಜಾಸ್ತಿಯೇ ಎಳೆದು ಬರೆದಳು. ಹಾನ್ ಬಾಗಿದರು. ಅಕ್ಕ ಕೈ ಮುಗಿದಳು. ಬಾಗಿಲ ತನಕ ಹೋಗಿ ಬೀಳ್ಕೊಟ್ಟು, ಲಿಫ್ಟು ಹದಿನಾಲ್ಕನೇ ಮಹಡಿಗೆ ಹೋಯಿತೆಂದು ಅಂಕಿ ನೋಡಿ ಖಾತ್ರಿ ಮಾಡಿಕೊಂಡಳು.

ಆಮೇಲೆ ಒಳಗೆ ಬಂದು ತಟ್ಟೆಯ ಕರಿಬೇವನ್ನು ಬೆರಳಲ್ಲಿ ಎತ್ತಿಕೊಂಡಳು.

"ಇವತ್ತು ಸುಕ್ರವಾರ ತಾನೆ," ಎಂದು ಚಪ್ಪಲಿ ಮೆಟ್ಟಿದಳು.